ಮಕ್ಕಳ ಕಿವಿಗೆ ಚಿತ್ರ ಬರೆದ ಪಂಜೆ ಮಂಗೇಶರಾಯರು

ಕನ್ನಡ ಸಾಹಿತ್ಯ ಚರಿತ್ರೆಯನ್ನು ಓದುವ ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಪಂಜೆ ಮಂಗೇಶರಾಯರು ಎರಡು ಕಡೆ ಎದುರಾಗುತ್ತಾರೆ. ಸಣ್ಣಕತೆಯ ಹುಟ್ಟನ್ನು ವಿವರಿಸುವ ಅಧ್ಯಾಯದಲ್ಲಿ ಅವರಿಗೆ ಒಂದು ಪುಟ ಸಲ್ಲುತ್ತದೆ. ನವೋದಯ ಕಾವ್ಯದ ಪೂರ್ವಸೂರಿಗಳ ಸಾಲಿನಲ್ಲಿ ಇನ್ನೊಂದು ಪುಟ. ಅವರು ಮಕ್ಕಳಿಗಾಗಿಯೂ ಬರೆದರು ಎಂಬ ಮಾತು ಈ ಎರಡು ಪುಟಗಳ ಕೊನೆಯಲ್ಲಿ ಒಂದು ವಾಕ್ಯವಾಗಿ ಬಂದು ಮುಗಿಯುತ್ತದೆ. ಪಂಜೆಯವರ ಜೀವನವನ್ನು ಕ್ರಮವಾಗಿ ನೋಡಿದರೆ ಆ ಒಂದು ವಾಕ್ಯದಲ್ಲಿಯೇ ಅವರ ಬದುಕಿನ ಹೆಚ್ಚಿನ ಭಾಗ ಅಡಗಿದೆ ಎಂದು ತೋರುತ್ತದೆ. ಆದಕಾರಣ ಈ ಲೇಖನದಲ್ಲಿ ಉಳಿದ ಎರಡು ಪುಟಗಳನ್ನು ಬೇಗ ಮಗುಚಿ, ಆ ವಾಕ್ಯದ ಬಳಿಯಲ್ಲಿಯೇ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಮಂಗೇಶರಾಯರು 1874ರ ಫೆಬ್ರವರಿ 22ರಂದು ನೇತ್ರಾವತಿಯ ದಡದಲ್ಲಿರುವ ಬಂಟ್ವಾಳದಲ್ಲಿ ಜನಿಸಿದರು. ತಂದೆ ರಾಮಪ್ಪಯ್ಯನವರು. ಮನೆಯ ಮಾತು ಕೊಂಕಣಿ. ಪೇಟೆಯ ಮಾತು ತುಳು. ಶಾಲೆಯ ಮಾತು ಕನ್ನಡ. ಪರೀಕ್ಷೆಯನ್ನು ದಾಟಿ ಉದ್ಯೋಗ ಹಿಡಿಯಬೇಕಾದರೆ ಇಂಗ್ಲಿಷು. ಅಂದಿನ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸು ಆಧಿಪತ್ಯಕ್ಕೆ ಸೇರಿದ್ದುದರಿಂದ ರಾಜಧಾನಿಯ ಭಾಷೆ ಮತ್ತೂ ಬೇರೆ. ಜತ್ತ ತಾಲೂಕಿನಿಂದ ಬರುವ ನಮ್ಮ ವಿದ್ಯಾರ್ಥಿಗಳಿಗೆ ಈ ಸ್ಥಿತಿಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮನೆಯಲ್ಲಿ ಒಂದು, ಸಂತೆಯಲ್ಲಿ ಇನ್ನೊಂದು, ಕಚೇರಿಯ ಅರ್ಜಿಯಲ್ಲಿ ಮತ್ತೊಂದು ಎಂಬ ಬದುಕು ಮುಚ್ಚಂಡಿಯ ಮಗುವಿಗೆ ಹುಟ್ಟಿನಿಂದಲೇ ಪರಿಚಿತ. ಪಂಜೆಯವರ ವಿಷಯದಲ್ಲಿ ಗಮನಿಸಬೇಕಾದದ್ದು ಇಷ್ಟು: ಕನ್ನಡ ಅವರಿಗೆ ತೊಟ್ಟಿಲ ಭಾಷೆಯಾಗಿರಲಿಲ್ಲ. ಒಂದು ಭಾಷೆಯನ್ನು ಮಗು ಹೊರಗಿನಿಂದ ಹೇಗೆ ಪ್ರವೇಶಿಸುತ್ತದೆ, ಯಾವ ಶಬ್ದ ಅದರ ನಾಲಗೆಗೆ ಮೊದಲು ರುಚಿಸುತ್ತದೆ ಎಂಬುದು ಅವರಿಗೆ ಸ್ವಾನುಭವದಿಂದಲೇ ತಿಳಿದಿರಬೇಕು.

ಮನೆಯ ಸ್ಥಿತಿ ಅನುಕೂಲವಾಗಿರಲಿಲ್ಲ. ಇತರರಿಗೆ ಪಾಠ ಹೇಳುತ್ತ ತಾವೂ ಓದಿ ಮೇಲೆ ಬಂದರು. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಮುಂದೆ ರಾಷ್ಟ್ರಕವಿಯೆನಿಸಿದ ಮಂಜೇಶ್ವರದ ಗೋವಿಂದ ಪೈಗಳು ಮಂಗಳೂರಿನಲ್ಲಿ ಅವರ ಕೈಯಲ್ಲಿ ಕಲಿತವರು. 1900ರ ಸುಮಾರಿಗೆ ಬೆನಗಲ್ ರಾಮರಾಯರ ‘ಸುವಾಸಿನಿ’ ಪತ್ರಿಕೆ ಹೊರಟಾಗ ಪಂಜೆಯವರು ಅದರಲ್ಲಿ ಬರೆದರು. ‘ನನ್ನ ಚಿಕ್ಕತಾಯಿ’ ಮೊದಲಾದ ಆ ಬರಹಗಳನ್ನು ಕನ್ನಡದ ಮೊದಲ ಸಣ್ಣಕತೆಗಳ ಸಾಲಿನಲ್ಲಿ ವಿಮರ್ಶಕರು ನಿಲ್ಲಿಸುತ್ತಾರೆ. ಆಗ ಅವರಿಗೆ ಮೂವತ್ತು ತುಂಬಿರಲಿಲ್ಲ. ಅದೇ ದಾರಿಯಲ್ಲಿ ಮುಂದುವರಿದಿದ್ದರೆ ಕತೆಗಾರರೆಂಬ ದೊಡ್ಡ ಕೀರ್ತಿ ಕೈಗೆ ಬರುವುದು ಕಷ್ಟವಾಗಿರಲಿಲ್ಲ. ಅವರು ಆ ದಾರಿಯಲ್ಲಿ ಬಹಳ ದೂರ ಹೋಗಲಿಲ್ಲ.

ಉದ್ಯೋಗ ಅವರನ್ನು ಶಾಲೆಗಳ ತನಿಖಾಧಿಕಾರಿಯನ್ನಾಗಿ ಮಾಡಿತು. ಊರೂರು ತಿರುಗಿ, ಮುಳಿಹುಲ್ಲಿನ ಮಾಡಿನ ಶಾಲೆಗಳನ್ನು ಹೊಕ್ಕು, ಮಕ್ಕಳು ಓದುವುದನ್ನು ಎದುರಿಗೆ ಕುಳಿತು ಕೇಳುವುದೇ ಆ ಕೆಲಸದ ತಿರುಳು. ಅಧಿಕಾರಿ ಬರುತ್ತಾನೆಂದರೆ ಉಪಾಧ್ಯಾಯನಿಗೂ ಮಕ್ಕಳಿಗೂ ನಡುಕ ಹುಟ್ಟುತ್ತಿದ್ದ ಕಾಲವದು. ಪಂಜೆಯವರಾದರೋ ಕತೆ ಹೇಳಬಲ್ಲವರು, ಹಾಡಬಲ್ಲವರು; ಹಾಡುವಾಗ ಕೈಕಾಲುಗಳನ್ನೂ ಸುಮ್ಮನಿರಿಸಿದವರಲ್ಲ. ಸಭೆಗಳಲ್ಲಿ ಸಹ ಅವರು ತಮ್ಮ ಪದ್ಯವನ್ನು ಅಭಿನಯಿಸಿ ತೋರಿಸುತ್ತಿದ್ದುದು ಪ್ರಸಿದ್ಧವಾಗಿದೆ. ಇಂಥವರ ಕಿವಿಗೆ, ಅರ್ಥವಾಗದ ನೀತಿಪಾಠವನ್ನು ಒಂದೇ ರಾಗದಲ್ಲಿ ಒಪ್ಪಿಸುವ ಮಕ್ಕಳ ದನಿ ಹೇಗೆ ಕೇಳಿಸಿರಬಹುದೆಂದು ಊಹಿಸುವುದು ಸುಲಭ.

ಇದೇ ಕಾಲದಲ್ಲಿ ಹೊರಗಿನ ಜಗತ್ತಿನಲ್ಲಿ ಚಿಕ್ಕ ಮಕ್ಕಳ ಪುಸ್ತಕಕ್ಕೆ ಹೊಸ ಜೀವ ಬಂದಿತ್ತು. ಚಿತ್ರ ನೋಡಿ ಶಬ್ದ ಕಲಿಯುವ ಪುಸ್ತಕ ಯುರೋಪಿಗೆ ಹೊಸದಲ್ಲ. ಕೊಮೀನಿಯಸ್ ಎಂಬ ಶಿಕ್ಷಣತಜ್ಞ 1658ರಲ್ಲಿಯೇ ಅಂಥದೊಂದನ್ನು ಹೊರತಂದಿದ್ದ. ಆದರೆ ಕಲಿಸುವ ಹಟವನ್ನು ಬಿಟ್ಟು ಬರಿಯ ಸಂತೋಷಕ್ಕಾಗಿ ಚಿತ್ರವೂ ಮಾತೂ ಕೈಹಿಡಿದು ನಡೆಯುವ ಪುಸ್ತಕ ರೂಪುಗೊಂಡದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಲಂಡನ್ನಿನ ಎಡ್ಮಂಡ್ ಇವಾನ್ಸ್ ಎಂಬ ಮುದ್ರಕ ಮರದ ಅಚ್ಚುಗಳಿಂದ ಬಣ್ಣದ ಚಿತ್ರಗಳನ್ನು ತೆಗೆಯುವುದರಲ್ಲಿ ನಿಷ್ಣಾತ. ಅವನ ಮುದ್ರಣಾಲಯದಿಂದ ವಾಲ್ಟರ್ ಕ್ರೇನ್, ಕೇಟ್ ಗ್ರೀನವೇ, 1878ರಿಂದ ರಾಂಡಲ್ಫ್ ಕಾಲ್ಡೆಕಾಟ್ ಇವರ ಪುಸ್ತಕಗಳು ಹೊರಬಂದವು. ಪಂಜೆಯವರಿಗಿಂತ ಎಂಟು ವರ್ಷ ಹಿರಿಯಳಾದ ಬಿಯಾಟ್ರಿಕ್ಸ್ ಪಾಟರಳ ಮೊಲದ ಕತೆ 1902ರಲ್ಲಿ ಪ್ರಕಟವಾಯಿತು. ಕಾಯಿಲೆ ಬಿದ್ದ ಒಬ್ಬ ಹುಡುಗನಿಗೆ ಅವಳು 1893ರಲ್ಲಿ ಬರೆದ ಸಚಿತ್ರ ಪತ್ರವೇ ಅದರ ಮೂಲ. ಮಗುವಿನ ಅಂಗೈಗೆ ಹೊಂದುವ ಅಳತೆ. ಒಂದು ಪುಟದಲ್ಲಿ ಎರಡು ಮೂರು ವಾಕ್ಯ, ಎದುರು ಪುಟದಲ್ಲಿ ಒಂದು ಚಿತ್ರ. ಮಾತು ಹೇಳದೆ ಬಿಟ್ಟದ್ದನ್ನು ಚಿತ್ರ ಹೇಳುತ್ತದೆ. ಮುಂದೇನಾಯಿತು ಎಂಬ ಕುತೂಹಲ ಪುಟದ ಅಂಚಿನಲ್ಲಿ ನಿಂತಿರುತ್ತದೆ. ಪುಟ ಮಗುಚುವ ಕೈ ಮಗುವಿನದು. ಇಂಥ ಪುಸ್ತಕಗಳು ಇಂದಿಗೂ ಅಚ್ಚಾಗುತ್ತಿರುವುದಕ್ಕೆ ಹಳೆಯದರ ಮೇಲಿನ ಮೋಹವೊಂದೇ ಕಾರಣವಲ್ಲ. ಓದಲು ಬಾರದ ಮಗುವನ್ನೂ ಅವು ಓದುಗನೆಂದೇ ಗೌರವಿಸುತ್ತವೆ.

ಭಾರತದಲ್ಲಿಯೂ ಇದರ ಅಲೆ ಎದ್ದಿತು. ಕಲಕತ್ತೆಯ ಉಪೇಂದ್ರಕಿಶೋರ ರಾಯರು ಕತೆಗಾರರು ಮಾತ್ರವಲ್ಲ, ಚಿತ್ರಕಾರರೂ ಹಾಫ್‌ಟೋನ್ ಬ್ಲಾಕು ತಯಾರಿಸುವ ವಿದ್ಯೆಯಲ್ಲಿ ಪರಿಣತರೂ ಆಗಿದ್ದರು. 1910ರಲ್ಲಿ ಅವರ ‘ಟುಂಟುನಿರ್ ಬೊಯ್’ ಎಂಬ ಕತೆಗಳ ಪುಸ್ತಕ ಬಂದಿತು. 1913ರಲ್ಲಿ ‘ಸಂದೇಶ್’ ಎಂಬ ಮಕ್ಕಳ ಪತ್ರಿಕೆ ಆರಂಭವಾಯಿತು. ಬರೆಯುವವನೂ ಬಿಡಿಸುವವನೂ ಅಚ್ಚು ಹಾಕುವವನೂ ಒಬ್ಬನೇ ಆದ ಅಪರೂಪದ ಸಂದರ್ಭವದು.

ಕನ್ನಡಕ್ಕೆ ಆ ಭಾಗ್ಯ ಕೂಡಿ ಬರಲಿಲ್ಲ. ಮುದ್ರಣಾಲಯದ ಕೊರತೆ ಇದಕ್ಕೆ ಕಾರಣವಲ್ಲ. ಬಾಸೆಲ್ ಮಿಷನ್ನಿನವರು 1841ರಲ್ಲಿಯೇ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣವನ್ನು ಆರಂಭಿಸಿದ್ದರು. ತೊಡಕು ಇದ್ದದ್ದು ಲೆಕ್ಕದಲ್ಲಿ. ಬಣ್ಣದ ಚಿತ್ರವೆಂದರೆ ಪ್ರತಿಯೊಂದು ಬಣ್ಣಕ್ಕೂ ಬೇರೆ ಬೇರೆ ಬ್ಲಾಕು, ಒಂದೇ ಹಾಳೆಯನ್ನು ಮತ್ತೆ ಮತ್ತೆ ಯಂತ್ರಕ್ಕೆ ಕೊಡುವ ಶ್ರಮ. ಕೂದಲೆಳೆಯಷ್ಟು ಸರಿದರೂ ಮುಖದ ಬಣ್ಣ ಮುಖದ ಹೊರಗೆ ಬೀಳುತ್ತದೆ. ಸಾವಿರಾರು ಪ್ರತಿಗಳು ಮಾರಾಟವಾದರೆ ಮಾತ್ರ ಆ ವೆಚ್ಚ ತಾಳುತ್ತದೆ. ಕನ್ನಡದ ಓದುಗರಾದರೋ ಮದ್ರಾಸು, ಮುಂಬಯಿ, ಮೈಸೂರು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿದ್ದರು. ಇವುಗಳ ನಡುವೆ ಜತ್ತದಂಥ ಚಿಕ್ಕ ಚಿಕ್ಕ ಸಂಸ್ಥಾನಗಳು ಬೇರೆ. ಒಂದು ಆಧಿಪತ್ಯದ ವಿದ್ಯಾ ಇಲಾಖೆ ಒಪ್ಪಿದ ಪುಸ್ತಕ ಇನ್ನೊಂದರ ಶಾಲೆಗೆ ತಾನಾಗಿ ಹೋಗುವಂತಿರಲಿಲ್ಲ. ಲಂಡನ್ನಿನ ಚಿತ್ರಪುಸ್ತಕದ ಹಿಂದೆ ಇದ್ದ ಮಾರುಕಟ್ಟೆ ಮಂಗಳೂರಿನ ಶಾಲಾ ತನಿಖಾಧಿಕಾರಿಯ ಬೆನ್ನಿಗಿರಲಿಲ್ಲ.

ಪಂಜೆಯವರ ಸಾಧನೆಯನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬೇಕೆಂದು ನನ್ನ ಅಭಿಪ್ರಾಯ. ಚಿತ್ರಪುಸ್ತಕದಲ್ಲಿ ಚಿತ್ರ ಮಾಡುವ ಕೆಲಸವನ್ನು ಅವರು ಶಬ್ದದಿಂದ ಮಾಡಿಸಿದರು. ಬಣ್ಣವಿಲ್ಲದ ಕಡೆ ನಾದವನ್ನು ತಂದರು. ಅವರ ಕತೆಗಳ ಹೆಸರುಗಳನ್ನೇ ನೋಡಬಹುದು. ‘ಗುಡುಗುಡು ಗುಮ್ಮಟದೇವರು’ ಎಂದೊಡನೆ ಒಳಗೇನಿದೆಯೆಂದು ತಿಳಿಯುವ ಮೊದಲೇ ಕಿವಿಯಲ್ಲಿ ಏನೋ ಉರುಳುತ್ತದೆ. ‘ಇಲಿಗಳ ಥಕಥೈ’ ಎಂಬಲ್ಲಿ ಇಲಿಗಳಿಗೆ ಗೆಜ್ಜೆ ಕಟ್ಟಿಯಾಗಿದೆ. ‘ಮೆಣಸಿನ ಕಾಳಪ್ಪ’ ಎಂಬ ಹೆಸರಿನಲ್ಲಿ ಕಾಳಿನ ಅಳತೆಯೂ ಬಣ್ಣವೂ ಖಾರವೂ ಒಟ್ಟಿಗೆ ಇವೆ. ಚಿತ್ರಕಾರ ಇಡೀ ಪುಟದಲ್ಲಿ ತೋರಿಸಬೇಕಾದದ್ದನ್ನು ಇಲ್ಲಿ ಎರಡು ಶಬ್ದ ತೋರಿಸುತ್ತವೆ.

‘ಮೂರು ಕರಡಿಗಳು’ ಕತೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ಇದು ಇಂಗ್ಲಿಷಿನಿಂದ ಬಂದದ್ದು. ರಾಬರ್ಟ್ ಸೌದಿ 1837ರಲ್ಲಿ ಅಚ್ಚು ಹಾಕಿಸಿದ ರೂಪದಲ್ಲಿ ಕರಡಿಗಳ ಮನೆಗೆ ನುಗ್ಗುವವಳು ಒಬ್ಬ ಮುದುಕಿ. ಮುಂದೆ ಆ ಸ್ಥಾನಕ್ಕೆ ಹುಡುಗಿ ಬಂದಳು. ದೊಡ್ಡದು, ನಡುವಣದು, ಚಿಕ್ಕದು ಎಂಬ ಮೂರು ಅಳತೆಗಳೇ ಕತೆಯ ಪ್ರಾಣ. ಬಟ್ಟಲು ಮೂರು, ಕುರ್ಚಿ ಮೂರು, ಹಾಸಿಗೆ ಮೂರು. ಇಂಗ್ಲಿಷ್ ಚಿತ್ರಕಾರರಿಗೆ ಇದು ಹಬ್ಬ. ಮೂರು ಬಟ್ಟಲುಗಳನ್ನು ಸಾಲಾಗಿ ಬರೆದರೆ ಮಗು ತಾನಾಗಿ ನಗುತ್ತದೆ. ಚಿತ್ರವಿಲ್ಲದೆ ಹೇಳುವವನಿಗೆ ಅಳತೆಯನ್ನು ಕಂಠದಲ್ಲಿ ತೋರಿಸುವುದೊಂದೇ ದಾರಿ: ಒಂದೇ ಮಾತು ಮೂರು ಸಲ, ಮೂರು ದನಿಯಲ್ಲಿ. ನಮ್ಮ ಅಜ್ಜಿಯರು ಬಲ್ಲ ವಿದ್ಯೆ ಇದು. ಪರದೇಶದ ಕತೆಯನ್ನು ಆರಿಸುವಾಗಲೂ ಪಂಜೆಯವರ ಕೈ ಕನ್ನಡದ ಬಾಯಿಗೆ ಒಗ್ಗುವಂಥದನ್ನೇ ಎತ್ತಿಕೊಂಡಿದೆ. ಇಲಿಗಳನ್ನು ಕುಣಿಸುತ್ತ ಕರೆದೊಯ್ಯುವ ಜೋಗಿಯ ಕತೆಯನ್ನು ಬ್ರೌನಿಂಗನಿಂದ ಪಡೆದು ಕುವೆಂಪು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನಾಗಿ ಮಾಡಿದಾಗಲೂ ಇದೇ ಧರ್ಮ ನಡೆಯಿತು. ಮೂಲದ ಊರು ಹೋಗಿ ಕನ್ನಡದ ಊರು ಬಂದಿತು, ಉಳಿದದ್ದು ಕುಣಿತ.

‘ಸಿಗಡಿ ಯಾಕೆ ಒಣಗಲಿಲ್ಲ’ ಎಂಬುದು ಇನ್ನೊಂದು ಬಗೆ. ಬಿಸಿಲಿಗೆ ಹಾಕಿದ ಸಿಗಡಿ ಒಣಗಲಿಲ್ಲ. ಏಕೆ ಎಂದು ಕೇಳಿದರೆ ಅದು ಬೇರೊಬ್ಬರತ್ತ ಬೆರಳು ತೋರಿಸುತ್ತದೆ. ಅವರನ್ನು ಕೇಳಿದರೆ ಅವರು ಮತ್ತೊಬ್ಬರತ್ತ. ಸರಪಣಿ ಬೆಳೆಯುತ್ತ ಹೋಗುತ್ತದೆ. ತೆಲುಗಿನಲ್ಲಿಯೂ ಒಣಗದ ಮೀನಿನ ಇಂಥದೇ ಕತೆ ಮಕ್ಕಳ ಬಾಯಲ್ಲಿದೆ. ಜನಪದದ ಹಳೆಯ ಸೊತ್ತು. ಒಮ್ಮೆ ಕೇಳಿದ ಮಗು ಎರಡನೆಯ ಸಲ ತಾನೇ ಮುಂದಿನ ಪ್ರಶ್ನೆಯನ್ನು ಕೇಳುತ್ತದೆ. ಮೂರನೆಯ ಸಲಕ್ಕೆ ಹೇಳುವವನಿಗಿಂತ ಮುಂದೆ ಓಡುತ್ತದೆ. ಚಿತ್ರಪುಸ್ತಕದಲ್ಲಿ ಪುಟ ಮಗುಚುವ ಅಧಿಕಾರ ಮಗುವಿನದಾದಂತೆ, ಈ ಕತೆಯಲ್ಲಿ ಪ್ರಶ್ನೆ ಕೇಳುವ ಅಧಿಕಾರ ಮಗುವಿನದು. ನೀತಿಯನ್ನು ಕೊನೆಗೆ ಅಂಟಿಸುವ ಅಗತ್ಯವೇ ಇಲ್ಲಿ ಬೀಳುವುದಿಲ್ಲ.

ಪದ್ಯಗಳಿಗೆ ಬಂದರೆ ‘ನಾಗರ ಹಾವು’, ‘ತೆಂಕಣ ಗಾಳಿಯಾಟ’, ‘ಉದಯರಾಗ’ ಇವುಗಳನ್ನು ತಲೆಮಾರುಗಳು ಬಾಯಿಪಾಠ ಮಾಡಿವೆ. ಹಾವಿನ ಪದ್ಯದಲ್ಲಿ ಮಗು ಹಾವನ್ನು ನೋಡುವ ಬಗೆಯನ್ನು ಗಮನಿಸಬೇಕು. ಅದರ ಚೆಲುವಿಗೆ ಮರುಳಾಗಿ ಹತ್ತಿರ ಕರೆಯುವ ಆಸೆ, ಅದರ ಹೆಡೆಗೆ ಬೆದರಿ ದೂರ ಕಳುಹಿಸುವ ಅಂಜಿಕೆ, ಎರಡೂ ಒಂದೇ ಎದೆಯಲ್ಲಿವೆ. ಕರೆಯುವ ಒಂದೇ ಅಕ್ಷರ ಮತ್ತೆ ಮತ್ತೆ ಬಂದು ಪುಂಗಿಯ ನಾದದಂತೆ ತೂಗುತ್ತದೆ. ಗಾಳಿಯ ಪದ್ಯದಲ್ಲಿ ಕಡಲ ಮೇಲಿಂದ ಏರಿಬರುವ ಗಾಳಿಯ ಸದ್ದೇ ಛಂದಸ್ಸು. ಐಚ್ಛಿಕದಲ್ಲಿ ಮಾತ್ರಾಗಣಗಳನ್ನು ಹಾಕಿ ಹಾಕಿ ಬೇಸತ್ತ ವಿದ್ಯಾರ್ಥಿಗಳು ಇದನ್ನೊಮ್ಮೆ ಗಟ್ಟಿಯಾಗಿ ಓದಿ ನೋಡಲಿ. ಲಯವೆಂಬುದು ಕಾಗದದ ಮೇಲಿನ ಗೆರೆಗಳಲ್ಲಿ ಮಾತ್ರ ಇಲ್ಲವೆಂಬುದು ತಟ್ಟನೆ ತಿಳಿಯುತ್ತದೆ.

ಪಂಜೆಯವರು ಶಾಲೆಗಳಿಗಾಗಿ ಪಠ್ಯಪುಸ್ತಕಗಳನ್ನೂ ಪದ್ಯಸಂಗ್ರಹಗಳನ್ನೂ ಸಿದ್ಧಪಡಿಸಿದರು. ಮಂಗಳೂರಿನಲ್ಲಿ ಮಿತ್ರರೊಡಗೂಡಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿ ಮಕ್ಕಳ ಪುಸ್ತಕಗಳ ಪ್ರಕಟಣೆಗೆ ತೊಡಗಿದರು. ಇವುಗಳಲ್ಲಿ ಹೆಚ್ಚಿನ ಬರಹಗಳಿಗೆ ಅವರು ಪೂರ್ಣ ಹೆಸರನ್ನು ಹಾಕಲಿಲ್ಲ. ಪದ್ಯಕ್ಕೆ ಕವಿಶಿಷ್ಯ, ಲಘುಬರಹಕ್ಕೆ ಹರಟೆಮಲ್ಲ, ಇನ್ನು ಕೆಲವೆಡೆ ರಾ.ಮ.ಪಂ. ಎಂಬ ಮೂರು ಅಕ್ಷರ. ಕವಿ ಎನ್ನಿಸಿಕೊಳ್ಳಲು ಆತುರಪಡುವವರ ನಡುವೆ ಕವಿಯ ಶಿಷ್ಯನೆಂದು ಕರೆದುಕೊಂಡದ್ದು ವಿನಯವೂ ಹೌದು, ತುಸು ತುಂಟತನವೂ ಹೌದು.

ಮಕ್ಕಳ ಬರಹಕ್ಕೆ ತೊಡಗಿ ಪಂಜೆಯವರು ತಮ್ಮ ಪ್ರತಿಭೆಯನ್ನು ಚೆಲ್ಲಿಬಿಟ್ಟರು, ದೊಡ್ಡವರಿಗಾಗಿ ಇನ್ನಷ್ಟು ಬರೆಯಬೇಕಿತ್ತು ಎಂಬ ಕೊರಗು ಅವರ ಅಭಿಮಾನಿಗಳಲ್ಲಿಯೂ ಕಾಣುವುದುಂಟು. ತುಳುವಿನ ಪಾಡ್ದನಗಳಿಂದ ಎತ್ತಿದ ‘ಕೋಟಿ ಚೆನ್ನಯ’ದಂಥ ಗದ್ಯವನ್ನು ಓದಿದಾಗ ಆ ಕೊರಗು ನನಗೂ ಒಂದು ಕ್ಷಣ ಮುಟ್ಟುತ್ತದೆ. ಅವರ ಮಕ್ಕಳ ಬರಹವೆಲ್ಲವೂ ಒಂದೇ ಮಟ್ಟದ್ದೆಂದು ಹೇಳಲಾಗದು. ಕೆಲವು ಇಂದು ಹಳತಾಗಿವೆ, ಕೆಲವು ಕಡೆ ಶಾಲೆಯ ಅಗತ್ಯವೇ ಕತೆಯನ್ನು ಎಳೆದೊಯ್ದಿದೆ. ಆದರೂ ಈ ಕೊರಗಿನ ಹಿಂದೆ ಒಂದು ತಪ್ಪು ತಿಳಿವಳಿಕೆಯಿದೆ. ದೊಡ್ಡವರಿಗೆ ಬರೆಯುವುದು ಸಾಹಿತ್ಯ, ಚಿಕ್ಕವರಿಗೆ ಬರೆಯುವುದು ಸೇವೆ ಎಂಬ ಭೇದವನ್ನು ಪಂಜೆಯವರ ಗದ್ಯ ಒಪ್ಪುವುದಿಲ್ಲ. ಒಂದು ಶಬ್ದವೂ ಹೆಚ್ಚಾಗದಂತೆ ಬರೆಯುವ ಕಟ್ಟುನಿಟ್ಟು ಅವರಿಗೆ ಬಂದದ್ದೇ ಐದು ವರ್ಷದ ಕೇಳುಗನಿಂದ. ಆ ಕೇಳುಗ ಬೇಸರವಾದರೆ ಎದ್ದು ಹೋಗುತ್ತಾನೆ; ಮರ್ಯಾದೆಗೆಂದು ಕುಳಿತಿರುವುದಿಲ್ಲ.

ಮುಂದೆ ಪಂಜೆಯವರು ಮಡಿಕೇರಿಯ ಸರಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾದರು. ಕಡಲ ತಡಿಯಿಂದ ಮಲೆಯ ಮೇಲಕ್ಕೆ ಬಂದ ಅವರಿಗೆ ಅಲ್ಲಿ ಮತ್ತೊಂದು ಭಾಷೆ ಎದುರಾಯಿತು. ಕೊಡವರ ಮನೆಮಾತು ಬೇರೆ, ಶಾಲೆಯ ಕನ್ನಡ ಬೇರೆ. ಆ ನಾಡಿನ ಸುಗ್ಗಿಯ ಹಬ್ಬವನ್ನು ಕುರಿತು ಅವರು ರಚಿಸಿದ ‘ಹುತ್ತರಿ ಹಾಡು’ ಕೊಡಗಿನವರ ಎದೆಯಲ್ಲಿ ನಿಂತಿತು. ಹೊರಗಿನಿಂದ ಬಂದ ಮೇಷ್ಟರೊಬ್ಬರು ಬರೆದ ಪದ್ಯವನ್ನು ಒಂದು ನಾಡು ತನ್ನದೆಂದು ಹಾಡಿಕೊಳ್ಳುವುದು ದಿನವೂ ನಡೆಯುವ ಸಂಗತಿಯಲ್ಲ.

1934ರಲ್ಲಿ ರಾಯಚೂರಿನಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಪಂಜೆಯವರು ಅಧ್ಯಕ್ಷರಾದರು. ರಾಯಚೂರು ಅಂದು ನಿಜಾಮರ ಆಳ್ವಿಕೆಯಲ್ಲಿದ್ದ ಊರು; ಕನ್ನಡ ಆ ರಾಜ್ಯದ ಜನರ ಹಲವು ಭಾಷೆಗಳಲ್ಲಿ ಒಂದು, ಆಡಳಿತದ ಭಾಷೆ ಉರ್ದು. ಮದ್ರಾಸು ಆಧಿಪತ್ಯದ ಕೊಂಕಣಿ ಮನೆಮಾತಿನವರೊಬ್ಬರು ಹೈದರಾಬಾದು ಸಂಸ್ಥಾನದ ಊರಿನಲ್ಲಿ ನಿಂತು ಎಲ್ಲ ಕನ್ನಡಿಗರ ಪರವಾಗಿ ಮಾತನಾಡಿದರು ಎಂಬ ಸಂಗತಿ, ಗಡಿಯ ಈಚೆ ಕುಳಿತು ಕನ್ನಡ ಓದುವ ನಮಗೆ ವಿಶೇಷವಾಗಿ ಕಾಣುವುದು ಸಹಜ. ಕನ್ನಡದ ಮಕ್ಕಳೆಲ್ಲರಿಗೂ ಒಂದೇ ಪುಸ್ತಕ ದೊರೆಯದಂತೆ ಮಾಡಿದ್ದ ಅದೇ ಗಡಿಗಳನ್ನು ಸಮ್ಮೇಳನಗಳು ವರ್ಷಕ್ಕೊಮ್ಮೆಯಾದರೂ ದಾಟುತ್ತಿದ್ದವು.

1936ರಲ್ಲಿ ಪಂಜೆಯವರ ಜಿಲ್ಲೆಯವರೇ ಆದ ಶಿವರಾಮ ಕಾರಂತರು ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಹೊರತಂದರು. ಲೋಕದ ವಿಷಯವನ್ನೆಲ್ಲ ಚಿತ್ರಗಳೊಡನೆ ಮಕ್ಕಳ ಮುಂದಿಡುವ ಸಾಹಸವದು. ಶಬ್ದದಿಂದ ಚಿತ್ರ ಬರೆದ ಹಿರಿಯರ ಕಾಲದಲ್ಲಿಯೇ ನಿಜವಾದ ಚಿತ್ರಗಳೂ ಕನ್ನಡ ಮಕ್ಕಳ ಕೈಗೆ ಬಂದವು. ಇದಾದ ಮರುವರ್ಷ, 1937ರ ಅಕ್ಟೋಬರಿನಲ್ಲಿ, ಹೈದರಾಬಾದಿನಲ್ಲಿ ಪಂಜೆಯವರು ತೀರಿಕೊಂಡರು. ಆಗ ಅವರಿಗೆ ಅರವತ್ತಮೂರು ವರ್ಷ.

ಜತ್ತ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ಸೇರಿತು; 1960ರಿಂದ ನಾವು ಮಹಾರಾಷ್ಟ್ರದವರು. 1967ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಬಾಲಭಾರತಿ ಸಂಸ್ಥೆ ಮರಾಠಿಯೊಡನೆ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಅಚ್ಚು ಹಾಕುತ್ತದೆ. ಇಂದು ಅವುಗಳ ಪುಟಪುಟದಲ್ಲಿ ಬಣ್ಣದ ಚಿತ್ರಗಳಿವೆ. ಪಂಜೆಯವರ ಕಾಲಕ್ಕೆ ಎಟುಕದಿದ್ದದ್ದು ಈಗ ಒಂದನೆಯ ತರಗತಿಯ ಚೀಲದಲ್ಲಿದೆ. ಆದರೂ ಪಠ್ಯದ ಹೊರಗೆ, ಬರಿಯ ಸಂತೋಷಕ್ಕಾಗಿ ಓದುವ ಕನ್ನಡದ ಚಿತ್ರಪುಸ್ತಕ ನಮ್ಮ ಊರುಗಳ ಮನೆಗಳಲ್ಲಿ ಇನ್ನೂ ವಿರಳ. ಪೇಟೆಗೆ ಹೋದರೆ ಸಿಗುವವು ಮರಾಠಿ ಇಲ್ಲವೆ ಇಂಗ್ಲಿಷ್ ಪುಸ್ತಕಗಳೇ. ಹೀಗಿರುವಾಗ ಬಾಯಲ್ಲಿ ಹೇಳುವ ಕತೆಯ ಕೆಲಸ ಮುಗಿದಿಲ್ಲ.

ಕೆಲವು ದಿನಗಳ ಹಿಂದೆ ಮುಚ್ಚಂಡಿಯಲ್ಲಿ, ನಮ್ಮ ಮನೆಯ ಕಟ್ಟೆಯ ಮೇಲೆ ಸೇರಿದ ನಾಲ್ಕಾರು ಮಕ್ಕಳಿಗೆ ಸಿಗಡಿಯ ಕತೆಯನ್ನು ಹೇಳಿದೆ. ಪಂಜೆಯವರ ಪದ್ಯದಲ್ಲಿ ಕಡಲಿಂದ ಏರಿಬರುವ ಗಾಳಿ ಘಟ್ಟ ದಾಟಿ ನಮ್ಮ ಕಡೆಗೆ ಬರುವಷ್ಟರಲ್ಲಿ ಮಳೆಯನ್ನೆಲ್ಲ ಸುರಿಸಿ ಬರಿಗೈಯಾಗಿರುತ್ತದೆ. ಅವರ ಸಿಗಡಿಯನ್ನು ಈ ಮಕ್ಕಳು ಕಂಡವರಲ್ಲ. ಸಿಗಡಿ ಎಂದರೇನೆಂದು ಒಬ್ಬಳು ಕೇಳಿದಳು. ನೀರಿನಲ್ಲಿರುವ, ಬೆನ್ನು ಬಾಗಿದ, ಉದ್ದ ಮೀಸೆಯ ಪ್ರಾಣಿ ಎಂದಷ್ಟೇ ಹೇಳಿ ಮುಂದುವರಿದೆ. ಮೂರನೆಯ ಪ್ರಶ್ನೆಯ ಹೊತ್ತಿಗೆ ಅವರೆಲ್ಲರೂ ಒಟ್ಟಿಗೆ ಕೇಳತೊಡಗಿದ್ದರು. ಕತೆ ಮುಗಿದ ಮೇಲೆ ಪ್ರಶ್ನೆ ಕೇಳಿದ ಹುಡುಗಿ ಪಾಟಿಯ ಮೇಲೆ ಸಿಗಡಿಯನ್ನು ಬಿಡಿಸಿ ತಂದಳು. ಅದು ಜೋಳದ ಹೊಲದ ಮಿಡತೆಯಂತಿತ್ತು. ಮೀಸೆ ಮಾತ್ರ ಪಾಟಿಯ ಕಟ್ಟಿನವರೆಗೂ ಹೋಗಿತ್ತು.